ಕ್ಯಾಮೆರಾ ನೆನಪಿಟ್ಟುಕೊಂಡ ಮುಖ

ಬೀದಿಯವರೆಲ್ಲ ಅವನನ್ನು ಫ್ಲ್ಯಾಶಣ್ಣ ಎನ್ನುತ್ತಿದ್ದರು. ಫೋಟೋ ಸ್ಟುಡಿಯೋ ಇಟ್ಟವನಿಗೆ ಆ ಹೆಸರು ಸಹಜವೇ, ಆದರೆ ಹೆಸರಿಟ್ಟವರ ಮನಸ್ಸಿನಲ್ಲಿದ್ದದ್ದು ಅವನ ಕೋಪ. ಅದು ಮೂಗಿನ ತುದಿಯಲ್ಲೇ ಇರುತ್ತಿತ್ತು, ಪಳಕ್ಕನೆ ಬಂದು ಪಳಕ್ಕನೆ ಹೋಗುತ್ತಿತ್ತು. ಹೋದ ಮೇಲೆ ಅವನಿಗೆ ಅದರ ನೆನಪೂ ಇರುತ್ತಿರಲಿಲ್ಲ. ಎದುರಿಗಿದ್ದವರಿಗೆ ಮಾತ್ರ ಸ್ವಲ್ಪ ಹೊತ್ತು ಏನೂ ಕಾಣುತ್ತಿರಲಿಲ್ಲ.

ತಮ್ಮನ ಮಗಳ ಮದುವೆ ಗೊತ್ತಾದಾಗ, ಫೋಟೋ ಯಾರು ತೆಗೆಯಬೇಕೆಂದು ತಮ್ಮನ ಮನೆಯಲ್ಲಿ ದೊಡ್ಡ ಪಂಚಾಯಿತಿಯೇ ನಡೆಯಿತು. ತಮ್ಮ ಡ್ರೋನ್ ಹಾರಿಸಿ ಫೋಟೋ ತೆಗೆಯುವ ಹೊಸ ಹುಡುಗರ ತಂಡವೊಂದನ್ನು ನೋಡಿಟ್ಟಿದ್ದ. "ಅಣ್ಣ ತೆಗೆದ್ರೆ ಎಲ್ರೂ ಪಾಸ್‌ಪೋರ್ಟ್ ಫೋಟೋಗೆ ನಿಂತ ಹಾಗೆ ಉಸಿರು ಬಿಗಿಹಿಡ್ಕೊಂಡು ನಿಂತಿರ್ತಾರೆ," ಎಂದನಂತೆ. ಇಂಥ ಮಾತುಗಳಿಗೆ ಕಾಲು ಬೇಗ ಬರುತ್ತವೆ. ಸಂಜೆಯೊಳಗೆ ಅದು ಸ್ಟುಡಿಯೋ ಮೆಟ್ಟಿಲು ಹತ್ತಿ ಅಣ್ಣನ ಕಿವಿಗೆ ಬಿದ್ದಿತ್ತು.

ಹಟ ಹಿಡಿದವಳು ಮದುಮಗಳು. ಅವಳನ್ನು ಮನೆಮಂದಿಯೆಲ್ಲ ಪುಟ್ಟಿ ಎಂದೇ ಕರೆಯುತ್ತಿದ್ದರು, ಎತ್ತರದಲ್ಲಿ ಅಪ್ಪನನ್ನು ಮೀರಿಸಿದ ಮೇಲೂ. "ನನ್ನ ಮೊದಲನೇ ಹಲ್ಲು ಬಿದ್ದಾಗ ಫೋಟೋ ತೆಗೆದಿದ್ದು ದೊಡ್ಡಪ್ಪ. ಮೊದಲನೇ ದಿನ ಸ್ಕೂಲ್ ಗೇಟ್ ಹಿಡ್ಕೊಂಡು ಅತ್ತಿದ್ದು ತೆಗೆದಿದ್ದೂ ದೊಡ್ಡಪ್ಪ. ಈಗ ಯಾರೋ ಬಂದು ನಗು ಅಂದ್ರೆ ನಾನು ನಗಲ್ಲ. ಚೆನ್ನಾಗಿ ಬರದೇ ಇದ್ರೆ ನನ್ನ ಫೋಟೋ ತಾನೆ ಹಾಳಾಗೋದು? ಆಗಲಿ." ತಮ್ಮ ಸೋತ. ಆದರೂ ಅಣ್ಣನಿಗೆ ಹೇಳಲು ಬಂದವನು ಬಾಗಿಲಲ್ಲಿ ನಿಂತು, "ಅವಳು ನಿನ್ನ ನಂಬ್ಕೊಂಡು ಕೂತಿದಾಳೆ ನೋಡಪ್ಪ," ಎಂದು ಹೇಳಿಯೇ ಹೋದ.

ಆ ಮಾತು ಚುಚ್ಚಿತು. ಪಾಸ್‌ಪೋರ್ಟ್ ಮಾತು ಅದಕ್ಕಿಂತ ಹೆಚ್ಚು ಚುಚ್ಚಿತ್ತು. ಫ್ಲ್ಯಾಶಣ್ಣ ಹಳೆಯ ಕ್ಯಾಮೆರಾವನ್ನು ಕಪಾಟಿಗೆ ಸೇರಿಸಿ, ಫೋಕಸ್ಸನ್ನು ತಾನೇ ಹುಡುಕಿಕೊಳ್ಳುವ ಹೊಸ ಮಿರರ್‌ಲೆಸ್ ಕ್ಯಾಮೆರಾ ತಂದ.

ಹಳೆಯದರಲ್ಲಿ ಫೋಕಸ್ ಅವನ ಬೆರಳ ತುದಿಯಲ್ಲಿತ್ತು. ನಡುವಿನ ಚುಕ್ಕಿಯನ್ನು ಕಣ್ಣಿನ ಮೇಲಿಡು, ಬಟನ್ ಅರ್ಧ ಒತ್ತು, ಕ್ಯಾಮೆರಾ ತುಸು ಸರಿಸು, ಪೂರ್ತಿ ಒತ್ತು. ನಿದ್ದೆಯಲ್ಲೂ ಮಾಡುತ್ತಿದ್ದ. ಹೊಸದರಲ್ಲಿ ಚುಕ್ಕಿ ಹುಡುಕಿದರೆ ಪರದೆಯ ತುಂಬ ಚುಕ್ಕಿಗಳೇ. ಫೋಕಸ್ ಒಂದೇ ಕಡೆ ನಿಲ್ಲಬೇಕೋ, ನಡೆಯುವವರ ಬೆನ್ನು ಹತ್ತಬೇಕೋ ಎಂದು ಅದು ಕೇಳುತ್ತಿತ್ತು. ಹುಡುಕಬೇಕಾದ್ದು ಮನುಷ್ಯನನ್ನೋ, ಪ್ರಾಣಿಯನ್ನೋ, ಹಕ್ಕಿಯನ್ನೋ? ಮನುಷ್ಯನಾದರೆ ಎಡಗಣ್ಣೋ, ಬಲಗಣ್ಣೋ?

"ಇದೇನು ಕ್ಯಾಮೆರಾನೋ ಪೊಲೀಸ್ ಸ್ಟೇಷನ್ನೋ? ಇಷ್ಟೊಂದು ವಿಚಾರಣೆ!" ಎಂದು ರೇಗಿದ.

ತಮ್ಮ ನೋಡಿಟ್ಟಿದ್ದ ತಂಡದ ಹುಡುಗನೊಬ್ಬ ಹಿಂದಿನ ಬೀದಿಯಲ್ಲೇ ಇದ್ದ. ಕೇಳಿದ್ದರೆ ಒಂದು ಸಂಜೆಯಲ್ಲಿ ಹೇಳಿಕೊಡುತ್ತಿದ್ದ. ಆದರೆ ತಲೆ ನರೆತ ಮೇಲೆ, ಅಂಗಡಿಯ ಮುಂದೆ ಇಷ್ಟಗಲ ಬೋರ್ಡು ಹಾಕಿಕೊಂಡ ಮೇಲೆ, ಫೋಕಸ್ ಮಾಡುವುದು ಹೇಗಪ್ಪ ಎಂದು ಯಾರನ್ನಾದರೂ ಕೇಳುವುದುಂಟೇ? ನಾಚಿಕೆಯಾಗುವುದಿಲ್ಲವೇ? ಅವನು ಬಾಗಿಲು ಹಾಕಿಕೊಂಡು ಮೊಬೈಲಿನಲ್ಲಿ ಪಾಠ ನೋಡಿದ. ಪಾಠದವನು ಉಸಿರೂ ಎಳೆದುಕೊಳ್ಳದೆ ಮಾತಾಡುತ್ತಿದ್ದ. ಅವನು ಮೆನುವಿನ ಮೂರನೆಯ ಪುಟದಲ್ಲಿದ್ದಾಗ ಫ್ಲ್ಯಾಶಣ್ಣ ಇನ್ನೂ ಕನ್ನಡಕ ಒರೆಸುತ್ತಿದ್ದ.

ಅಭ್ಯಾಸಕ್ಕೆ ಸಿಕ್ಕವಳು ಹೆಂಡತಿ. ಸಂಜೆ ಒಣಗಿದ ಬಟ್ಟೆ ಮಡಿಸುತ್ತ ಕಿಟಕಿಯ ಪಕ್ಕ ಕೂರುತ್ತಿದ್ದಳು, ಅವನು ಎದುರು ಕುರ್ಚಿಯಲ್ಲಿ ಕೂತು ಅವಳ ಮೇಲೆ ಪ್ರಯೋಗ ನಡೆಸುತ್ತಿದ್ದ. ಮೊದಲ ದಿನ ಏನನ್ನೋ ಒತ್ತಿದ್ದಕ್ಕೆ ಕ್ಯಾಮೆರಾ ಅವಳನ್ನು ಕಂಡೂ ಕಾಣದ ಹಾಗೆ ಮಾಡಿ, ಕಿಟಕಿಯಾಚೆ ಗೋಡೆಯ ಮೇಲೆ ಕೂತಿದ್ದ ಬೆಕ್ಕಿನ ಕಣ್ಣು ಹಿಡಿಯಿತು. ಅವಳು ಬಟ್ಟೆಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅವನು ರೇಗಿದ. ಅವಳು ನಗು ನುಂಗಿಕೊಂಡು, "ಇನ್ನೊಂದು ಸಲ ನೋಡ್ರೀ, ನಾನು ಅಲ್ಲಾಡಲ್ಲ," ಎಂದಳು.

ನಾಲ್ಕೈದು ಸಂಜೆ ಕಳೆದ ಮೇಲೆ ಕ್ಯಾಮೆರಾ ದಾರಿಗೆ ಬಂತು. ಪುಟ್ಟ ಹಸಿರು ಚೌಕವೊಂದು ಅವಳ ಕಣ್ಣಿನ ಮೇಲೆ ಹೋಗಿ ಕೂತಿತು. ಅವಳು ಎದ್ದು ಅಡುಗೆಮನೆಗೆ ಹೋದರೂ ಚೌಕ ಜೊತೆಗೇ ಹೋಯಿತು. ಅವನಿಗೆ ಚಿಕ್ಕ ಮಕ್ಕಳ ಖುಷಿ. ಅದೇ ಉಮೇದಿನಲ್ಲಿ ಮೆನುವಿನ ಇನ್ನೊಂದು ಮೂಲೆ ಕೆದಕಿದಾಗ, ಬೇಕಾದ ಮುಖವನ್ನು ಕ್ಯಾಮೆರಾಗೆ ಪರಿಚಯ ಮಾಡಿಸುವ ಸೌಲಭ್ಯ ಸಿಕ್ಕಿತು. ಒಮ್ಮೆ ರಿಜಿಸ್ಟರ್ ಮಾಡಿದರೆ ಸಾಕು. ಗುಂಪಿನಲ್ಲಿ ಎಷ್ಟೇ ಜನರಿದ್ದರೂ ಆ ಮುಖ ಎದುರಿಗೆ ಬಂದೊಡನೆ ಕ್ಯಾಮೆರಾ ಉಳಿದವರನ್ನೆಲ್ಲ ಬಿಟ್ಟು ಅದಕ್ಕೇ ಫೋಕಸ್ ಮಾಡುತ್ತದೆ.

"ಹೀಗ್ ನೋಡು, ಎದುರಿಗೆ, ನೆಟ್ಟಗೆ," ಎಂದ. ಕ್ಲಿಕ್ಕಿಸಿದ. "ಮದುವೆ ರಿಜಿಸ್ಟರ್ ಆಗಿತ್ತು, ಈಗ ಮುಖಾನೂ ರಿಜಿಸ್ಟರ್ ಆಯ್ತು ನೋಡು."

"ಆಫ್ ಮಾಡಿದ್ರೆ ಮರೆತುಹೋಗತ್ತಾ?"

"ಇಲ್ವೇ. ಇದು ಮರೆಯಲ್ಲ."

ಅವನು ಮರೆತ. ಮರುದಿನವೇ ಮರೆತ. ಜೊತೆಗೆ ಇನ್ನೊಂದು ಘನಕಾರ್ಯವನ್ನೂ ಮಾಡಿದ. ಹಸಿರು ಚೌಕ ಕಣ್ಣೆದುರು ಕುಣಿದರೆ ತಲೆ ಸುತ್ತುತ್ತದೆ ಎಂದು ಅದು ಕಾಣಿಸದ ಹಾಗೆ ಮೆನುವಿನಲ್ಲಿ ಮುಚ್ಚಿಹಾಕಿದ. ಚೌಕ ತನ್ನ ಪಾಡಿಗೆ ಕೆಲಸ ಮಾಡುತ್ತದೆ, ತಾನು ತನ್ನ ಪಾಡಿಗೆ ಫೋಟೋ ತೆಗೆಯುತ್ತೇನೆ ಎಂಬುದು ಅವನ ಲೆಕ್ಕಾಚಾರ.

ಫ್ಲ್ಯಾಶಣ್ಣನ ಕೆಲಸದ ರೀತಿಯನ್ನು ಇಲ್ಲಿ ಹೇಳಲೇಬೇಕು. ಅವನು ಎಲ್ಲವನ್ನೂ ಅಗಲವಾಗಿ ತೆಗೆಯುತ್ತಿದ್ದ, ಆಮೇಲೆ ಅಂಚು ಕತ್ತರಿಸುತ್ತಿದ್ದ. ಎಡ ಅಂಚಿನಲ್ಲಿ, ಮದುಮಕ್ಕಳಿಗಿಂತ ಎರಡು ಹೆಜ್ಜೆ ಮುಂದೆ, ಉದ್ದ ಕೋಲಿಗೆ ಕಟ್ಟಿದ ಲೈಟನ್ನು ಎತ್ತಿ ಹಿಡಿದು ಹೆಂಡತಿ ನಿಂತಿರುತ್ತಿದ್ದಳು. ಮದುವೆಯಾದ ವರ್ಷದಿಂದಲೂ ಹಾಗೇ. ಸ್ಟ್ಯಾಂಡ್ ಇರಲಿಲ್ಲವೆಂದಲ್ಲ. ಸ್ಟ್ಯಾಂಡಿಗೆ ಜನ ಕಾಲು ತಾಗಿಸಿ ಬೀಳಿಸುತ್ತಾರೆ, ಸ್ಟ್ಯಾಂಡಿಗೆ ಮದುಮಕ್ಕಳ ಹಿಂದೆ ನಡೆಯಲು ಬರುವುದಿಲ್ಲ, ಬೈದರೆ ಅದು ಮೇಲೇಳುವುದೂ ಇಲ್ಲ. ಊರಿನ ಎಷ್ಟೋ ಮನೆಗಳ ಆಲ್ಬಮ್ಮುಗಳಿಂದ ಅವಳನ್ನು ಹೀಗೆ ಕತ್ತರಿಸಿ ತೆಗೆದಿದ್ದ. ಅದರಲ್ಲಿ ತಪ್ಪೇನೂ ಯಾರಿಗೂ ಕಂಡಿರಲಿಲ್ಲ, ಅವಳಿಗೂ.

ಮದುವೆಯ ದಿನ ಹಾಲ್ ತುಂಬಿತ್ತು. ಕಿಟಕಿಗಳಿಗೆ ದಪ್ಪ ಪರದೆ, ಒಳಗೆ ಮಬ್ಬು ಬೆಳಕು. ಲೆನ್ಸನ್ನು ಪೂರ್ತಿ ತೆರೆದಿಟ್ಟರೆ ಮಾತ್ರ ಕೆಲಸ ನಡೆಯುವಂತಿತ್ತು. ಹಾಗೆ ತೆರೆದಿಟ್ಟರೆ ಒಂದು ಹೆಜ್ಜೆ ಹಿಂದೆ ಮುಂದೆ ಇದ್ದವರು ಮಸುಕಾಗುತ್ತಾರೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕ್ಯಾಮೆರಾ ಕಣ್ಣು ಹಿಡಿಯುತ್ತದಲ್ಲ!

ಅವನು ಅಂದು ಹಾಲಿನ ತುಂಬ ಓಡಾಡಿದ. ಪುಟ್ಟಿ ಸಹಿ ಹಾಕಿದಳು, ಉಂಗುರ ತೊಟ್ಟಳು, ತಾಯಿಯನ್ನು ತಬ್ಬಿಕೊಂಡು ಅತ್ತಳು, ಮರುಕ್ಷಣವೇ ಗಂಡ ಕಿವಿಯಲ್ಲಿ ಏನೋ ಹೇಳಿದ್ದಕ್ಕೆ ಬಾಯಿ ತುಂಬ ನಕ್ಕಳು. ಎಲ್ಲವನ್ನೂ ತೆಗೆದ. ಬಟನ್ ಒತ್ತುವಾಗ ಹೆಚ್ಚುಕಡಿಮೆ ಪ್ರತಿ ಸಲವೂ ಎಡಗಡೆಗೆ ಕೂಗುತ್ತಿದ್ದ. "ಏ, ಮೇಲೆತ್ತೇ!" "ಇನ್ನೂ ಮೇಲೆ! ಊಟ ಮಾಡಿಲ್ವಾ ನೀನು?" "ಲೈಟ್ ಎಲ್ಲಿ ಬೀಳ್ತಿದೆ ನೋಡು, ಕಣ್ಣು ಕಾಣಲ್ವಾ?" ಹತ್ತಿರವಿದ್ದವರು ನಕ್ಕರು. ಫ್ಲ್ಯಾಶಣ್ಣನ ಬೈಗುಳವಿಲ್ಲದ ಮದುವೆ ಮದುವೆಯೇ ಅಲ್ಲ ಎಂದು ಯಾರೋ ತಮಾಷೆ ಮಾಡಿದರು. ಅವನೂ ನಕ್ಕ. ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯಲ್ಲಿ ಆಗಾಗ ನೋಡಿಕೊಂಡ. ಜನರ ಮುಂದೆ ಕನ್ನಡಕ ಹಾಕುವುದು ಅವನಿಗೆ ಸೇರದು. ಕನ್ನಡಕವಿಲ್ಲದ ಕಣ್ಣಿಗೆ ಎಲ್ಲ ಫೋಟೋಗಳೂ ಸೊಗಸಾಗಿಯೇ ಕಂಡವು.

ಊಟದ ಹೊತ್ತಿಗೆ ತಮ್ಮ ಬಂದು ಹೆಗಲ ಮೇಲೆ ಕೈಹಾಕಿದ. "ಹೆಂಗೆ ಬಂದಿದೆಯಪ್ಪಾ?"

"ನೋಡ್ತಿರು. ನಿನ್ನ ಡ್ರೋನ್ ಹುಡುಗರು ಬಂದು ನನ್ನ ಹತ್ರ ಟ್ಯೂಷನ್‌ಗೆ ಸೇರ್ಕೋಬೇಕು."

ಮರುದಿನ ಬೆಳಿಗ್ಗೆ ಸ್ಟುಡಿಯೋದಲ್ಲಿ, ಕನ್ನಡಕ ಏರಿಸಿಕೊಂಡು, ಕಾಫಿ ಲೋಟ ಪಕ್ಕಕ್ಕಿಟ್ಟು, ಕಂಪ್ಯೂಟರಿನಲ್ಲಿ ಮೊದಲ ಫೋಟೋ ತೆರೆದ. ಪುಟ್ಟಿ ಮಸುಕಾಗಿದ್ದಳು. ಸರಿ, ಒಂದು ಹೋಯಿತು. ಎರಡನೆಯದು ತೆರೆದ. ಪುಟ್ಟಿಯೂ ಮಸುಕು, ಗಂಡನೂ ಮಸುಕು. ಮೂರನೆಯದರಲ್ಲಿ ತಾಯಿಯೂ ಮಗಳೂ ತಬ್ಬಿಕೊಂಡಿದ್ದರು, ಮುಖ ಯಾವುದು, ಕೂದಲು ಯಾವುದು ತಿಳಿಯುವಂತಿರಲಿಲ್ಲ. ಬೇಗ ಬೇಗ ಒತ್ತುತ್ತ ಹೋದ. ಕುರ್ಚಿಗಳ ಸಾಲು ಅದ್ಭುತವಾಗಿ ಬಂದಿತ್ತು. ಬಾಗಿಲ ಬಳಿಯ ಚಪ್ಪಲಿಗಳ ರಾಶಿ ಒಂದೊಂದು ಬಾರು ಎಣಿಸುವಷ್ಟು ಸ್ಪಷ್ಟವಾಗಿತ್ತು. ಆದರೆ ಮದುಮಕ್ಕಳಿದ್ದ ಫೋಟೋಗಳಲ್ಲಿ ಮುಕ್ಕಾಲುಪಾಲು ಹಾಳಾಗಿದ್ದವು. ಅವುಗಳಲ್ಲೆಲ್ಲ ಎಡ ಅಂಚಿನಲ್ಲಿ, ಕೋಲು ಹಿಡಿದ ಹೆಂಡತಿ, ಹುಬ್ಬಿನ ಒಂದೊಂದು ಕೂದಲೂ ಕಾಣುವಂತೆ ನಿಂತಿದ್ದಳು.

ಆಗ ರಿಜಿಸ್ಟರ್ ಮಾಡಿದ್ದು ನೆನಪಾಯಿತು. ಮೊದಲು ಬಂದ ಯೋಚನೆ, ಇವನ್ನೆಲ್ಲ ಅಳಿಸಿ ಕಾರ್ಡ್ ಕೆಟ್ಟುಹೋಯಿತು ಎಂದು ಹೇಳಿಬಿಡುವುದು. ಎರಡನೆಯದು ಇನ್ನೂ ಕೆಟ್ಟದು. ಅವನು ಬಾಗಿಲಿಗೆ ಹೋಗಿ ಹೆಂಡತಿಯನ್ನು ಕೂಗಿದ. ಅವಳು ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು.

"ಏನಿದು? ಎಲ್ಲಾ ಫೋಟೋದಲ್ಲೂ ಬಂದು ವಕ್ಕರಿಸಿದೀಯಲ್ಲ! ಲೈಟ್ ಹಿಡಿ ಅಂದ್ರೆ ಫೋಟೋಗೆ ಪೋಸ್ ಕೊಡು ಅಂತಲಾ?"

ಅವಳು ಪರದೆಯ ಹತ್ತಿರ ಬಗ್ಗಿ ನೋಡಿದಳು. ತನ್ನ ಮುಖವನ್ನೇ ಗುರುತು ಹಿಡಿಯದವಳ ಹಾಗೆ ಸ್ವಲ್ಪ ಹೊತ್ತು ನೋಡುತ್ತಿದ್ದಳು. "ಅಯ್ಯೋ," ಎಂದಳು ಮೆಲ್ಲಗೆ. "ಪುಟ್ಟಿ ಫೋಟೋ ಎಲ್ಲ ಹೋಯ್ತೇನ್ರೀ?" ಅಷ್ಟೇ. ಅವನು ಕುರ್ಚಿಯಲ್ಲಿ ಕುಸಿದ. ಕಾಫಿ ಆರಿಹೋಗಿತ್ತು. ಅವಳು ಅದನ್ನು ತೆಗೆದುಕೊಂಡು ಹೋಗಿ ಬಿಸಿ ಮಾಡಿ ತಂದಿಟ್ಟಳು.

ಕಾರ್ಡ್ ಕೆಟ್ಟಿತೆಂದು ಹೇಳಲು ಸಮಯವೂ ಸಿಗಲಿಲ್ಲ. ಸಂಜೆಯಾಗುವ ಮೊದಲೇ ಪುಟ್ಟಿ ಗಂಡನ ಜೊತೆ, ಅಪ್ಪನ ಜೊತೆ, ತಡೆದುಕೊಳ್ಳಲಾರದೆ ಬಂದೇಬಿಟ್ಟಳು. "ದೊಡ್ಡಪ್ಪಾ, ಒಂದೇ ಒಂದು ತೋರಿಸಿ, ಸಾಕು!" ಎನ್ನುತ್ತ ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತಳು. ಪರದೆ ಆರಿಸಬೇಕೆಂದು ಚಾಚಿದ ಅವನ ಕೈ ಅರ್ಧಕ್ಕೇ ನಿಂತಿತು.

ಪುಟ್ಟಿ ನೋಡಿದಳು. ಮುಂದಿನದು ಒತ್ತಿದಳು, ಅದರ ಮುಂದಿನದು ಒತ್ತಿದಳು. ಅವಳ ಬೆನ್ನ ಹಿಂದೆ ನಿಂತಿದ್ದ ತಮ್ಮ ಗೋಡೆಯ ಮೇಲಿನ ಹಳೆಯ ಫೋಟೋಗಳ ಕಡೆ ತಿರುಗಿ ನಿಂತ. ಬೈದಿದ್ದರೆ ವಾಸಿಯಿತ್ತು. ಗೋಡೆಯಲ್ಲಿ ಹಲ್ಲು ಬಿದ್ದ ಪುಟ್ಟಿ ನಗುತ್ತಿದ್ದಳು. ಫ್ಲ್ಯಾಶಣ್ಣನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು.

"ತಪ್ಪು ನಂದೇ ಪುಟ್ಟಿ," ಎಂದಳು ಹೆಂಡತಿ ಬಾಗಿಲಲ್ಲಿ ನಿಂತು. "ನನಗೆ ಸುಮ್ಮನೆ ಒಂದು ಕಡೆ ನಿಲ್ಲೋಕೆ ಬರಲ್ಲ. ಅಡ್ಡ ಬಂದುಬಿಟ್ಟಿದೀನಿ."

ಎಲ್ಲರೂ ಅವನ ಮುಖ ನೋಡಿದರು. ಅಲ್ಲ ಎನ್ನಬೇಕಿತ್ತು. ಅವನು ಬಾಯಿ ಬಿಡಲಿಲ್ಲ. ಆ ಸುಳ್ಳು ಎಷ್ಟು ಬೆಚ್ಚಗಿತ್ತೆಂದರೆ ಅದರೊಳಗೆ ಒಂದು ಕ್ಷಣ ಮುದುರಿ ಕೂತುಬಿಟ್ಟ.

ಪುಟ್ಟಿ ಮಾತ್ರ ಫೋಟೋ ನೋಡುವುದನ್ನು ನಿಲ್ಲಿಸಿರಲಿಲ್ಲ. "ದೊಡ್ಡಪ್ಪಾ, ಇದು ಚೆನ್ನಾಗೇ ಬಂದಿದೆಯಲ್ಲ," ಎಂದಳು. ಉಂಗುರ ತೊಡಿಸುವ ಫೋಟೋ. ಪುಟ್ಟಿಯ ರೆಪ್ಪೆಯ ಮೇಲಿನ ಹನಿ ಕೂಡ ಕಾಣುತ್ತಿತ್ತು. "ಇದರಲ್ಲೂ ದೊಡ್ಡಮ್ಮ ಇದಾರೆ, ಅಲ್ಲೇ ನಿಂತಿದಾರೆ. ಇದ್ಯಾಕೆ ಸರಿಯಾಗಿದೆ?"

ಅವನು ಬಗ್ಗಿ ನೋಡಿದ. ಕೆಲಸದ ಪ್ರಶ್ನೆ ಕೇಳಿದರೆ ಉತ್ತರ ತಾನಾಗಿ ಬಾಯಿಗೆ ಬರುತ್ತಿತ್ತು. "ಇದರಲ್ಲಿ ಅವಳು ನಿನ್ನ ಕಡೆ ನೋಡ್ತಿದಾಳೆ. ಮುಖ ಪೂರ್ತಿ ಕಾಣ್ತಿಲ್ಲ. ಕ್ಯಾಮೆರಾಗೆ ಅವಳು ಯಾರು ಅಂತ ಗೊತ್ತಾಗಿಲ್ಲ, ಅದಕ್ಕೆ ನಿನ್ನ ಹಿಡ್ಕೊಂಡಿದೆ."

"ಉಳಿದಿದ್ದರಲ್ಲಿ?"

"ಉಳಿದಿದ್ದರಲ್ಲಿ ನನ್ನ ಕಡೆ ತಿರುಗಿದಾಳೆ."

"ಯಾಕೆ?"

ಪುಟ್ಟಿಯ ಬೆರಳು ಮುಂದಿನದು ಒತ್ತಿತು, ಅದರ ಮುಂದಿನದು ಒತ್ತಿತು. ಬೆಳಗಿನಿಂದ ಅವನು ಮಸುಕಾದ ಪುಟ್ಟಿಯನ್ನೇ ನೋಡುತ್ತ ಕೂತಿದ್ದ. ಈಗ ಮೊದಲ ಸಲ ಎಡ ಅಂಚನ್ನು ನೋಡಿದ. ಒಂದರಲ್ಲಿ ಹೆಂಡತಿ ಬಲಗೈಯ ಮೊಣಕೈಗೆ ಎಡಗೈ ಆನಿಸಿಕೊಂಡಿದ್ದಳು. ಒಂದರಲ್ಲಿ ತುಟಿ ಕಚ್ಚಿದ್ದಳು. ಇನ್ನೊಂದರಲ್ಲಿ ಅವಳ ಹಿಂದೆ ಮಸುಕು ಮಸುಕಾಗಿ ಜನ ನಗುತ್ತಿದ್ದರು, ಅವಳೂ ನಗಲು ನೋಡುತ್ತಿದ್ದಳು, ಕಣ್ಣಲ್ಲಿ ಮಾತ್ರ ನಗುವಿರಲಿಲ್ಲ. ಅದು ಯಾವ ಮಾತಿಗೆ ಎಂದು ಅವನಿಗೆ ತಕ್ಷಣ ಗೊತ್ತಾಯಿತು. ಊಟ ಮಾಡಿಲ್ವಾ ನೀನು. ಅದರ ಮುಂದಿನದು, ಕಣ್ಣು ಕಾಣಲ್ವಾ. ಒಂದೊಂದು ಫೋಟೋಗೂ ತಾನು ಆಡಿದ ಮಾತನ್ನು ಅವನು ಹೇಳಬಹುದಿತ್ತು. ಬೈಯದೆ ತೆಗೆದವೆಲ್ಲ ಚೆನ್ನಾಗಿ ಬಂದಿದ್ದವು.

"ಯಾಕೆ ದೊಡ್ಡಪ್ಪ?" ಪುಟ್ಟಿ ಮತ್ತೆ ಕೇಳಿದಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅವಳಿಗೂ ಅರ್ಥವಾಗಿದೆ, ಆದರೆ ಬಾಯಿ ಬಿಟ್ಟು ಹೇಳಬೇಕಾದವನು ತಾನೇ ಎಂಬುದು ಅವನಿಗೆ ತಿಳಿಯಿತು. ಪಕ್ಕದಲ್ಲಿ ಅವಳ ಗಂಡ, ನಿನ್ನೆಯಷ್ಟೇ ಮನೆಗೆ ಅಳಿಯನಾದವನು, ನೆಲ ನೋಡುತ್ತ ನಿಂತಿದ್ದ.

"ಬಿಡು ಪುಟ್ಟಿ, ಅದೆಲ್ಲ ಯಾಕೆ ಈಗ," ಎಂದಳು ಹೆಂಡತಿ.

"ನಾನು ಬೈದಾಗ," ಎಂದ ಫ್ಲ್ಯಾಶಣ್ಣ. ಮತ್ತೆ ಹೇಳಿದ. "ನಾನು ಬೈದಾಗೆಲ್ಲ ತಿರುಗಿ ನೋಡಿದಾಳೆ. ಅವಳೇನೂ ಅಡ್ಡ ಬಂದಿಲ್ಲ. ಅವಳ ಮುಖ ಕ್ಯಾಮೆರಾಗೆ ಕಲಿಸಿಟ್ಟವನು ನಾನು, ಅಳಿಸೋದು ಮರೆತವನೂ ನಾನು. ಬೆಳಿಗ್ಗೆ ಅದಕ್ಕೂ ಅವಳನ್ನೇ ಬೈದೆ." ಇಷ್ಟು ಕಾಲ ಫೋಟೋ ತೆಗೆದವನಿಗೆ ತನ್ನ ಬೈಗುಳ ಬಿದ್ದ ಮುಖ ಹೇಗಿರುತ್ತದೆಂದು ನೋಡುವ ಪ್ರಸಂಗವೇ ಬಂದಿರಲಿಲ್ಲ. ಎಲ್ಲವನ್ನೂ ಕತ್ತರಿಸಿ ಎಸೆದಿದ್ದ.

ತಮ್ಮ ಗೋಡೆಯ ಕಡೆಯಿಂದ ತಿರುಗಲೇ ಇಲ್ಲ. ಪುಟ್ಟಿ ಕಣ್ಣೊರೆಸಿಕೊಂಡು ಎದ್ದಳು. "ನಾಳೆ ನಾವಿಬ್ರೂ ಅದೇ ಬಟ್ಟೆ ಹಾಕ್ಕೊಂಡು ಬರ್ತೀವಿ," ಎಂದಳು. "ನಿನ್ನೆ ಹೋಗಿದ್ದು ಹೋಯ್ತು, ಅದನ್ನ ವಾಪಸ್ ತರೋಕಾಗಲ್ಲ. ಒಂದಾದ್ರೂ ನೆಟ್ಟಗೆ ಇರಲಿ. ಆದ್ರೆ ಬಟನ್ ದೊಡ್ಡಮ್ಮ ಒತ್ತಬೇಕು. ಲೈಟ್ ನೀವು ಹಿಡೀಬೇಕು."

"ಅಯ್ಯೋ, ನನಗೇನು ಬರತ್ತೆ?" ಎಂದಳು ಹೆಂಡತಿ.

"ಕಣ್ಣನ್ನ ಅದೇ ಹುಡುಕತ್ತಂತಲ್ಲ, ದೊಡ್ಡಮ್ಮ."

ಅಂದು ಸಂಜೆ ಫ್ಲ್ಯಾಶಣ್ಣ ಮೆನುವಿನೊಳಗೆ ಹೋಗಿ ಹಸಿರು ಚೌಕ ಮತ್ತೆ ಕಾಣುವಂತೆ ಮಾಡಿದ. ಅಂದು ರಿಜಿಸ್ಟರ್ ಮಾಡಿದ ಹೆಂಡತಿಯ ಮುಖ ಅದೇ ಮೂಲೆಯಲ್ಲಿತ್ತು, ಕಿಟಕಿಯ ಬೆಳಕಿನಲ್ಲಿ, ಬಟ್ಟೆಯ ರಾಶಿಯ ಹಿಂದೆ, ಏನನ್ನೋ ಕೇಳಬೇಕೆಂದಿರುವಂತೆ. ನಾಳೆ ಅವಳೇ ಕ್ಯಾಮೆರಾದ ಹಿಂದಿರುತ್ತಾಳೆ, ಅಳಿಸುವ ಅಗತ್ಯವಿರಲಿಲ್ಲ. ಮೆನು ಮುಚ್ಚಿದ. ಅವಳೊಡನೆ ಏನಾದರೂ ಮಾತಾಡಬೇಕೆಂದು ಅಡುಗೆಮನೆಯ ಬಾಗಿಲವರೆಗೆ ಹೋದ. ಬೈಯಲು ಅಷ್ಟು ಸಲೀಸಾಗಿ ಹೊರಳುತ್ತಿದ್ದ ನಾಲಿಗೆ ಆಗ ಏಳಲಿಲ್ಲ. ನೀರು ಕುಡಿದು ವಾಪಸು ಬಂದ.

ಮರುದಿನ ಮದುಮಕ್ಕಳು ಸ್ಟುಡಿಯೋದ ಬಿಳಿ ಪರದೆಯ ಮುಂದೆ ನಿಂತರು. ಮದುವೆಯ ದಿನದ ನಗು ಅವರಲ್ಲಿರಲಿಲ್ಲ, ಆದರೂ ನಿಂತರು. ತಮ್ಮ ಬಂದಿರಲಿಲ್ಲ. ಫ್ಲ್ಯಾಶಣ್ಣ ಎಡ ಅಂಚಿನಲ್ಲಿ, ಎರಡು ಹೆಜ್ಜೆ ಮುಂದೆ, ಕೋಲು ಎತ್ತಿ ಹಿಡಿದ. ಹೆಂಡತಿ ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕಣ್ಣಿಗೆ ತಂದಳು. "ಚೌಕ ಬಂತು," ಎಂದಳು ಮೆಲ್ಲಗೆ, ತನಗೆ ತಾನೇ. ಒಂದು ತೆಗೆದಳು. ನಿಧಾನವಾಗಿ ಜಾಗ ಬದಲಿಸಿ ಇನ್ನೊಂದು ತೆಗೆದಳು. ಅವಳಿಗೆ ಅವಸರವಿರಲಿಲ್ಲ.

ಕೋಲು ಹಗುರವೇ. ಆದರೆ ಸ್ವಲ್ಪ ಹೊತ್ತಿಗೆ ಹೆಗಲು ಉರಿಯತೊಡಗಿತು, ಆಮೇಲೆ ಮೊಣಕೈ ನಡುಗಿತು. ಅವನು ಅರಿವಿಲ್ಲದೆ ಎಡಗೈಯನ್ನು ಬಲ ಮೊಣಕೈಗೆ ಆನಿಸಿದ. ಫೋಟೋದಲ್ಲಿ ಅವಳು ಹೀಗೆಯೇ ನಿಂತಿದ್ದಳು. ಬೆಳಕು ಜಾರಿ ಪುಟ್ಟಿಯ ಗಲ್ಲದಿಂದ ಕುತ್ತಿಗೆಗಿಳಿಯಿತು. ಪುಟ್ಟಿ ಅವನತ್ತ ನೋಡಿ ಕಣ್ಣು ತಗ್ಗಿಸಿದಳು. ಫ್ಲ್ಯಾಶಣ್ಣ ಹೆಂಡತಿಯ ಬೈಗುಳಕ್ಕೆ ಕಾದ. ಬರಲಿ, ನಾಲ್ಕು ಜನರ ಮುಂದೆ ಬರಲಿ, ಅಷ್ಟಾದರೂ ಲೆಕ್ಕ ತೀರಲಿ ಎಂದು ಹಲ್ಲು ಕಚ್ಚಿ ನಿಂತ.

ಹೆಂಡತಿ ಕ್ಯಾಮೆರಾ ಕೆಳಗಿಳಿಸಿದಳು.

"ಕೈ ನೋವಾದ್ರೆ ಇಳಿಸ್ರೀ," ಎಂದಳು. "ನಾವು ಕಾಯ್ತೀವಿ."

ಅಷ್ಟು ಮದುವೆಗಳಲ್ಲಿ ಆ ಮಾತು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಅವನು ಕೋಲು ಇಳಿಸಲಿಲ್ಲ. ಅವಳ ಕಡೆ ತಿರುಗಿ ನೋಡುವ ಧೈರ್ಯವೂ ಆಗಲಿಲ್ಲ. ಪುಟ್ಟಿಯ ಕಡೆಗೇ ಮುಖ ಮಾಡಿ, ನಡುಗುವ ಕೈಯಲ್ಲಿ ಬೆಳಕು ಎತ್ತಿ ಹಿಡಿದುಕೊಂಡು ನಿಂತ.